ಅಪ್ಪ ಎಳೆದ ಗರಿಬಂಡಿ

ನಾನು ಚಿಕ್ಕವನಿದ್ದಾಗ ನಮ್ಮ ಬಂಡಿಗಳು ಮರದಿಂದ ಬೀಳುತ್ತಿದ್ದವು. ನಗಬೇಡಿ, ನಿಜವಾಗಿಯೂ. ದಂಡಿನಶಿವರದ ಹತ್ತಿರ ನಮ್ಮೂರು, ಮನೆಯ ಹಿಂದೆಯೇ ತೆಂಗಿನ ತೋಟ. ಒಣಗಿದ ಗರಿಯೊಂದು ದೊಪ್ಪನೆ ಬಿದ್ದರೆ ಸಾಕು, ನಮಗೆ ಹೊಸ ಬಂಡಿ ಬಂದಂತೆ. ಬುಡದ ದಪ್ಪ ಮಟ್ಟೆ ಹಿಡಿದು ಒಬ್ಬರು ಎಳೆಯಬೇಕು, ಹಿಂದೆ ಎಲೆಗಳ ಮೇಲೆ ಇನ್ನೊಬ್ಬರು ಕೂರಬೇಕು. ಜೋರು ಗಾಳಿ ಬೀಸುವಾಗ ಮಾತ್ರ ಮರಗಳ ಕೆಳಗೆ ಹೋಗುವಂತಿರಲಿಲ್ಲ. ಉಳಿದಂತೆ ಬಿಸಿಲು, ಮಂಜು, ಮಳೆ ಎಲ್ಲವೂ ನಮ್ಮವೇ.

ಎಳೆಯುವುದರಲ್ಲಿ ಅಕ್ಕನನ್ನು ಮೀರಿಸುವವರೇ ಇರಲಿಲ್ಲ. ಲಂಗ ಎತ್ತಿ ಸಿಕ್ಕಿಸಿಕೊಂಡು ಅವಳು ಓಡಿದಳೆಂದರೆ, ಹಿಂದೆ ಕೂತ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಆದರೆ ಒಂದು ವರ್ಷ ಅಕ್ಕ ದೊಡ್ಡವಳಾದಳು. ದೊಡ್ಡವರಾದ ಹೆಣ್ಣುಮಕ್ಕಳು ಹೊರಗೆ ಓಡಿ ಆಡಬಾರದು ಎನ್ನುವುದು ಆಗಿನ ಕಟ್ಟಳೆ. ಅಕ್ಕನಿಗೆ ಜಗುಲಿಯೇ ಗತಿಯಾಯಿತು. ನಾನು ಆಡಿ ಬಿಟ್ಟ ಗರಿಗಳನ್ನೇ ಮುಂದಿಟ್ಟುಕೊಂಡು, ಎಲೆ ಸೀಳಿ ಕಡ್ಡಿ ತೆಗೆದು, ಪೊರಕೆ ಕಟ್ಟುತ್ತಾ ಕೂರುತ್ತಿದ್ದಳು.

ಆಷಾಢದ ಒಂದು ದಿನ ಬೆಳಗಿನಿಂದಲೇ ಸೋನೆ ಹಿಡಿದಿತ್ತು. ಅಪರೂಪಕ್ಕೆ ಗಾಳಿ ಇರಲಿಲ್ಲ. ಕೆಮ್ಮಣ್ಣು ನೆನೆದು ತೋಟದ ದಾರಿ ಬೆಣ್ಣೆಯಂತೆ ಜಾರುತ್ತಿತ್ತು. ಹಸಿ ಮಣ್ಣಿನ ವಾಸನೆಯ ಜೊತೆ ನೆನೆದ ಕಾಯಿಸಿಪ್ಪೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು ದೊಡ್ಡದೊಂದು ಗರಿಯನ್ನು ಏದುಸಿರು ಬಿಡುತ್ತಾ ಜಗುಲಿಯವರೆಗೆ ಎಳೆದು ತಂದೆ.

"ಬಾರಕ್ಕಾ, ಒಂದೇ ಸುತ್ತು," ಎಂದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ನೋಡಿದಳು. "ನೀನೇ ಆಡ್ಕೋ ಹೋಗ್ಲಾ," ಎಂದು ಮತ್ತೆ ಎಲೆ ಸೀಳತೊಡಗಿದಳು. ಕಣ್ಣು ಮಾತ್ರ ನಾನು ತಂದ ಗರಿಯ ಮೇಲೇ ಇತ್ತು. ನನಗೆ ಎಲ್ಲಿತ್ತೋ ಸಿಟ್ಟು, ಕಟ್ಟಿಟ್ಟ ಪೊರಕೆಗಳನ್ನೆಲ್ಲ ಎತ್ತಿ ಮಳೆಗೆ ಎಸೆದುಬಿಟ್ಟೆ. ಅವ್ವ ಕೈಯೆತ್ತಿಕೊಂಡು ಬಂದಳು, ನಾನು ಅಳತೊಡಗಿದೆ.

ಅಷ್ಟರಲ್ಲಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಅಪ್ಪ ತೋಟದಿಂದ ಬಂದ. ಕೆಸರಲ್ಲಿ ಬಿದ್ದ ಪೊರಕೆಗಳನ್ನು ನೋಡಿದ, ನನ್ನ ಅಳು ಕೇಳಿದ, ಅಕ್ಕನ ಬಗ್ಗಿದ ತಲೆಯನ್ನೂ ನೋಡಿದ. ಕೊಪ್ಪೆ ತೆಗೆದು ಅವಳ ತಲೆಗೆ ಹಾಕಿದ.

"ಕೂತ್ಕಳವ್ವ, ನಾನು ಎಳೀತೀನಿ."

"ನೋಡ್ದೋರು ಏನಂದಾರು?" ಅವ್ವ ಗಾಬರಿಯಾದಳು.

"ಅವ್ಳು ಓಡ್ಬಾರ್ದು ಅಂದ್ಯಲ್ಲ, ಓಡೋನು ನಾನು, ಬುಡು."

ಅಕ್ಕ ಹೆದರುತ್ತಲೇ ಕೂತಳು. ನಾನೂ ನುಗ್ಗಿ ಅವಳ ಸೊಂಟ ಹಿಡಿದೆ. ಅಪ್ಪ ಓಡಿದ. ಗರಿ ಸರಸರ ಎಂದಿತು, ಕೆಸರು ಮುಖಕ್ಕೆ ಹಾರಿತು, ಮಳೆಹನಿ ಬಾಯೊಳಗೇ ಬಿತ್ತು. ಕೊಡೆ ಹಿಡಿದು ಬರುತ್ತಿದ್ದ ಪಕ್ಕದ ತೋಟದವನು ಬಾಯಿ ಬಿಟ್ಟುಕೊಂಡು ನಿಂತ.

"ಯಾಕ್ಲಾ, ನೀನೂ ಕೂತ್ಕತೀಯಾ?" ಎಂದ ಅಪ್ಪ, ಓಟ ನಿಲ್ಲಿಸದೆ.

ಅಕ್ಕ ನಕ್ಕಳು ನೋಡಿ! ಎಷ್ಟೋ ತಿಂಗಳಿಂದ ತಡೆದಿಟ್ಟ ನಗು. ದಾರಿಯ ಕೊನೆಯಲ್ಲಿ ಅಪ್ಪ ಸುಸ್ತಾಗಿ ನಿಂತಾಗ ಅವಳು ಇಳಿದು, ಲಂಗ ಎತ್ತಿ ಸಿಕ್ಕಿಸಿ, ತಾನೇ ಮಟ್ಟೆಗೆ ಕೈಹಾಕಿದಳು. "ಸರ್ಕಳಪ್ಪ, ಇನ್ನು ನಾನು." ಅಪ್ಪ ಸರಿದು ದಾರಿ ಬಿಟ್ಟ.

ಮನೆಗೆ ಬಂದಾಗ ಅವ್ವ ಬೈಯಲಿಲ್ಲ, ಹಂಡೆ ತುಂಬ ನೀರು ಕಾಯಿಸಿಟ್ಟಿದ್ದಳು. ಮಾರನೆಯ ದಿನ ಅಕ್ಕ ಜಗುಲಿ ಇಳಿದಾಗ, "ಕತ್ಲಾಗೋಕ್ ಮುಂಚೆ ಬಂದ್ಬುಡೇ," ಎಂದಷ್ಟೇ ಹೇಳಿದಳು.

ಈಗ ನಾವು ತಿಪಟೂರಿನಲ್ಲಿದ್ದೇವೆ. ಮಕ್ಕಳೇ, ನಿಮಗೆ ರೇನ್‌ಕೋಟ್ ಇದೆ, ಬೂಟು ಇದೆ, ಮನೆ ಮುಂದೆ ಖಾಲಿ ಸೈಟೂ ಇದೆ. ಆದರೂ ನಾಲ್ಕು ಹನಿ ಬಿದ್ದರೆ ಮೊಬೈಲ್ ಹಿಡಿದು ಸೋಫಾ ಸೇರುತ್ತೀರಿ. ಹುಡುಗ ಹುಡುಗಿ ಎನ್ನದೆ ಎಲ್ಲರೂ ಒಳಗೇ. ಕಳೆದ ವಾರ ಹೀಗೇ ಸೋನೆ ಹಿಡಿದಿದ್ದಾಗ ನನ್ನ ಅದೇ ಅಕ್ಕ ಮನೆಗೆ ಬಂದಿದ್ದಳಲ್ಲ, ಕೋಲು ಊರಿಕೊಂಡು ನಿಂತು ಬಹಳ ಹೊತ್ತು ನಿಮ್ಮನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಈ ಮಕ್ಳು ಯಾಕ್ಲಾ ಒಳಗೇ ಕುಂತವೆ? ಇವಕ್ಕೆ ಯಾರು ಬ್ಯಾಡ ಅಂದ್ರು?"

ನಿಮಗೆ ನೆಗಡಿಯಾದೀತೆಂದು ಬಾಗಿಲ ಚಿಲಕ ಹಾಕಿದ್ದವನು ನಾನೇ. ಅದನ್ನು ಅವಳಿಗೆ ಹೇಳಲು ನಾಚಿಕೆಯಾಯಿತು. ಎದ್ದು ಹೋಗಿ ಚಿಲಕ ತೆಗೆದೆ.