ಪೆಟ್ರೋಲ್ ಕುಡಿಯುವ ಮೋಟಾರಿನಲ್ಲಿ ಖಾನಾಪುರಕ್ಕೆ

ನಾವು ಬೆಳಗಾವಿ ಬಿಟ್ಟಾಗ ಚೈತ್ರದ ಬಿಸಿಲು ಆಗಲೇ ಮುಖಕ್ಕೆ ಹೊಡೆಯುತ್ತಿತ್ತು. ಅರಿವೆ ವ್ಯಾಪಾರಿ ಪದ್ಮಣ್ಣನವರ ಮಗಳು ಚಂಪಾ ಖಾನಾಪುರದ ಗಂಡನ ಮನೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಾಳೆಂದು ತಂತಿ ಬಂದಿತ್ತು. ಮುಂಜಾನೆಯ ರೈಲು ಹೋಗಿಯಾಗಿತ್ತು, ಮುಂದಿನದು ಸಂಜೆಗೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನನ್ನು ಕರೆದೊಯ್ಯಲು ಅವರು ತಮ್ಮ ಹಳೆಯ ಮೋಟಾರನ್ನೇ ತಂದರು.

ಆ ಮೋಟಾರಿನ ವಿಷಯವಾಗಿ ಜಗಳ ಮೊದಲೇ ಹತ್ತಿಕೊಂಡಿತ್ತು. ಕೆಲವು ತಿಂಗಳುಗಳಿಂದ ಅದು ಮೊದಲಿನ ಎರಡು ಮೂರು ಪಟ್ಟು ಪೆಟ್ರೋಲ್ ಕುಡಿಯುತ್ತಿತ್ತಂತೆ. ಚಾಲಕ ದಸ್ತಗೀರಸಾಬ ಅದನ್ನು ಹೊರಗೆ ಮಾರುತ್ತಿದ್ದಾನೆಂದು ಪದ್ಮಣ್ಣನವರಿಗೆ ಸಂಶಯ, ಕಳ್ಳ ಎಂದೂ ಬೈದಿದ್ದರಂತೆ. ಟಾಂಕಿ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಹೋಗಿಬರಲು ಸಾಕಾಗುವಷ್ಟು ಪೆಟ್ರೋಲನ್ನು ಅವರೇ ನಿಂತು ಅಳೆದು ಹಾಕಿಸಿದರು.

"ಇವತ್ತ ಇದರ ಮ್ಯಾಲ ನಾನ ಕುಂದರತೇನಿ. ಯಾರ ಕುಡೀತಾರ ನೋಡೂಣು" ಎಂದರು.

"ಇನ್ನೊಂದು ಡಬ್ಬಿ ಇಟ್ಕೊಳ್ಳೂಣ್ರಿ ಸಾವಕಾರ್ರ" ಎಂದ ದಸ್ತಗೀರ.

"ಬ್ಯಾಡ. ಹೋಗಿ ಬರಾಕ ಇಷ್ಟ ಸಾಕು."

ದಸ್ತಗೀರ ಮುಖ ಕೆಂಪಗೆ ಮಾಡಿಕೊಂಡು ಹ್ಯಾಂಡಲ್ ತಿರುಗಿಸಿದ. ಖಾನಾಪುರಕ್ಕೆ ಹದಿನಾರು ಮೈಲಿ. ಕೆಂಪು ಧೂಳು ಹಿಂದಿನ ಸೀಟಿನಲ್ಲಿದ್ದ ನನ್ನ ಬಿಳಿ ಸೀರೆಯನ್ನೂ ಔಷಧದ ಪೆಟ್ಟಿಗೆಯನ್ನೂ ಒಂದೇ ಬಣ್ಣ ಮಾಡಿತು.

ದೇಸೂರಿನಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಂತೆವು. ಪದ್ಮಣ್ಣನವರು ಸೀಟು ಎತ್ತಿ ಟಾಂಕಿಯಲ್ಲಿ ಬಿದಿರು ಕಡ್ಡಿ ಇಳಿಬಿಟ್ಟು ನೋಡಿದರು. ಮತ್ತೊಮ್ಮೆ ಬಿಟ್ಟು ನೋಡಿದರು. ಅರ್ಧ ದಾರಿಯೂ ಆಗಿರಲಿಲ್ಲ, ಮೂರರಲ್ಲಿ ಒಂದು ಪಾಲು ಪೆಟ್ರೋಲ್ ಹೋಗಿತ್ತು. ಅವರು ಅದರ ಮೇಲಿಂದ ಎದ್ದಿರಲೇ ಇಲ್ಲ.

"ಸೋರತೈತೇನೋ?" ಎಂದರು, ದನಿ ಬದಲಾಗಿತ್ತು.

ದಸ್ತಗೀರ ಮೋಟಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಕಾದ. ಒಂದು ಹನಿಯೂ ಬೀಳಲಿಲ್ಲ. "ಕಾರ್ಬುರೇಟರ್ ನಿನ್ನೆ ಬಿಚ್ಚಿ ತೊಳದೇನ್ರಿ. ಹೊಗಿನೂ ಕರ್ರಗ ಬರವಲ್ದು. ನನಗೂ ತಿಳೀವಲ್ದು" ಎಂದ. ಮತ್ತೆ ಹ್ಯಾಂಡಲ್ ತಿರುಗಿಸಿ ಖಾನಾಪುರದ ದಾರಿ ಹಿಡಿದ.

ಚಂಪಾಳನ್ನು ಪರೀಕ್ಷಿಸಿದೆ. ಮಗು ಅಡ್ಡ ತಿರುಗಿತ್ತು. ಇದು ನನ್ನಿಂದಾಗುವ ಕೆಲಸವಲ್ಲ, ಡಾಕ್ಟರರೇ ಬೇಕು ಎಂದೆ. ಆಕೆಯ ಅತ್ತೆ ನನ್ನ ಎರಡೂ ಕೈ ಹಿಡಿದು ಮರಾಠಿಯಲ್ಲಿ, "ಲವಕರ ನ್ಯಾ, ಬಾಯಿ" ಎಂದರು, ಬೇಗ ಕರೆದುಕೊಂಡು ಹೋಗು ಎಂದು. ಸಂಜೆಯ ರೈಲಿಗೆ ಕಾಯುವಂತಿರಲಿಲ್ಲ. ಚಕ್ಕಡಿಯಲ್ಲಿ ಹೋದರೆ ಆಕೆ ದಾರಿಯಲ್ಲೇ ಮುಗಿಯುತ್ತಿದ್ದಳು. ಅಳಿಯ ಪೆಟ್ರೋಲಿಗಾಗಿ ಬಜಾರಕ್ಕೆ ಓಡಿ ಬರಿಗೈಲಿ ಬಂದ. ಹಾಕಿದ್ದರಲ್ಲಿ ಕಾಲುಭಾಗವಷ್ಟೇ ಉಳಿದಿತ್ತು.

ಇದ್ದ ಪೆಟ್ರೋಲ್ ಉಳಿಸಲು, ಎಂಜಿನ್ ಹಚ್ಚದೆ ಮೋಟಾರನ್ನು ಬಾಗಿಲಿಗೆ ತಳ್ಳಿ ತರಲು ಅಳಿಯನೂ ಸೇರಿ ಮೂವರೂ ಹೆಗಲು ಕೊಟ್ಟರು. ಅದು ಮಿಸುಕಲಿಲ್ಲ.

"ಗೇರ್ ಬಿಡೋ!"

"ಬಿಟ್ಟೇನ್ರಿ!"

ಪದ್ಮಣ್ಣನವರು ಹಿಂದಿನ ಚಕ್ರದ ನಡುವಿನ ಡಬ್ಬಿಗೆ ಕೈ ಊರಿ ನೂಕಹೋಗಿ "ಅಯ್ಯಪ್ಪಾ" ಎಂದು ಕೈ ಕೊಡವಿದರು. ಅಂಗೈ ಸುಟ್ಟಿತ್ತು. ಆಚೆಯ ಚಕ್ರವನ್ನೂ ಮುಟ್ಟಿ ನೋಡಿದರು, ಅದೂ ಕೆಂಡ. ಮುಂದಿನ ಎರಡೂ ತಣ್ಣಗಿದ್ದವು.

ದಸ್ತಗೀರ ಕುಕ್ಕರಗಾಲಿನಲ್ಲಿ ಕೂತು ಚಕ್ರವನ್ನೇ ದಿಟ್ಟಿಸಿದ. "ಬ್ರೇಕ್ ಹಿಡಕೊಂಡ ಕುಂತಾವ್ರಿ. ಇಷ್ಟ ದಿನ ಬ್ರೇಕ್ ಒತ್ತಿಕೊಂಡ ಓಡಸೇವಿ. ಎಂಜಿನ್ ಪಾಪ, ಅದನ್ನೂ ಎಳೀಬೇಕು, ನಮ್ಮನ್ನೂ ಎಳೀಬೇಕು."

"ಯಾವಾಗಿಂದ?"

"ದೀಪಾವಳಿ ಮುಂದ ಎತ್ತು ಅಡ್ಡ ಬಂತಲ್ರಿ, ಆವಾಗ ಬ್ರೇಕ್ ಬಿಗಿ ಮಾಡು ಅಂದ್ರಿ. ಮಾಡಿದೆ. ಹೆಚ್ಚ ಮಾಡಿದೆ ಅನಸ್ತದ."

ಪದ್ಮಣ್ಣನವರು ಸುಟ್ಟ ಕೈಯನ್ನು ಧೋತರದಲ್ಲಿ ಸುತ್ತಿಕೊಂಡು ಸಲಕರಣೆಯ ಚೀಲ ತಂದು ಅವನ ಮುಂದಿಟ್ಟರು.

ಅವನು ಬ್ರೇಕಿನ ಸರಳುಗಳನ್ನು ಸಡಿಲಿಸಿದ ಕೂಡಲೇ ಮೋಟಾರು ತಾನಾಗಿ ಉರುಳಿತು. ಆದರೆ ಹದ ನೋಡಿ ಕೂಡಿಸಲು ಹೊತ್ತಿರಲಿಲ್ಲ. "ಬಾಯಾರ, ಈಗ ಬ್ರೇಕ್ ಇದ್ದೂ ಇಲ್ಲಧಂಗ. ಇಳುಕಲಿನ್ಯಾಗ ಹೆದರಬ್ಯಾಡ್ರಿ" ಎಂದ ದಸ್ತಗೀರ. ಹೆದರಿಕೆ ಆಗಲೇ ಇತ್ತು. ಹೋಗೋಣ ಎಂದೆ.

ಚಂಪಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ನಾನು ಕೆಳಗೆ ಕೂತೆ; ಅಳಿಯ ಸಂಜೆಯ ರೈಲಿಗೆ ಬರುವುದೆಂದಾಯಿತು. ನೋವು ಬಂದಾಗೆಲ್ಲ ಆಕೆ ನನ್ನ ಮಣಿಕಟ್ಟು ಹಿಚುಕುತ್ತಿದ್ದಳು. ಅತ್ತೆ ಕಟ್ಟಿಕೊಟ್ಟ ಭಾಕರಿಯ ಗಂಟನ್ನು ಯಾರೂ ಬಿಚ್ಚಲಿಲ್ಲ. ಒಂದು ಇಳುಕಲಿನಲ್ಲಿ ಎಮ್ಮೆಗಳ ಹಿಂಡು ರಸ್ತೆ ತುಂಬಿತ್ತು. ಪದ್ಮಣ್ಣನವರು ಎದ್ದು ನಿಂತು, "ಹೊಡೀರೋ, ಬಾಜು ಹೊಡೀರೋ!" ಎಂದು ಗಂಟಲು ಹರಿಯುವಂತೆ ಕೂಗಿದರು. ದಸ್ತಗೀರ ಗೇರಿನಿಂದಲೇ ವೇಗ ತಗ್ಗಿಸಿದ. ಕೊನೆಯ ಎಮ್ಮೆಯ ಬಾಲ ನಮ್ಮ ದೀಪಕ್ಕೆ ಬಡಿಯಿತು.

ಬೆಳಗಾವಿಗೆ ಮುಂಚಿನ ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮೋಟಾರು ಜಾರುವ ಮುನ್ನ ಪದ್ಮಣ್ಣನವರು ಜಿಗಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಗದ್ದಲ ನಿಂತದ್ದರಿಂದ ಚಂಪಾಳ ಹೊಟ್ಟೆಗೆ ಮರದ ನಳಿಕೆ ಹಚ್ಚಿ ಆಲಿಸಿದೆ. ಮಗುವಿನ ಎದೆಬಡಿತ ನಿಧಾನವಾಗಿತ್ತು. ಪದ್ಮಣ್ಣನವರು ನನ್ನ ಮುಖ ನೋಡಿಬಿಟ್ಟರು.

"ದಸ್ತಗೀರ, ಏನರೆ ಮಾಡೋ."

"ಪೆಟ್ರೋಲ್ ಇನ್ನೂ ಐತ್ರಿ. ಏರಿನ್ಯಾಗ ಅದು ಹಿಂದಕ ಸರೀತದ, ಎಂಜಿನ್ನಿಗೆ ಹರಿಯೂದಿಲ್ಲ. ಮಾರಿ ತಿರುವಿ ಹಿಂದಮುಂದಾಗಿ ಹತ್ತಸತೇನಿ."

ಅವನು ಮೋಟಾರನ್ನು ಹಿಂದಕ್ಕೆ ಜಾರಬಿಟ್ಟು ಅಡ್ಡಕ್ಕೆ ಹೊರಳಿಸಿ, ಬೆನ್ನು ಬೆಳಗಾವಿಗೆ ಮಾಡಿ, ಎಂಜಿನ್ ಹಚ್ಚಿ, ರಿವರ್ಸ್ ಗೇರು ಹಾಕಿ, ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತ ಹತ್ತಿಸತೊಡಗಿದ. ಎಂಜಿನ್ ನಿಂತರೆ ತಡೆಯಲು ಪದ್ಮಣ್ಣನವರು ಸುಟ್ಟ ಕೈಯಲ್ಲೇ ದೊಡ್ಡ ಕಲ್ಲು ಹಿಡಿದು ಚಕ್ರದ ಬಾಜು ಏದುಸಿರು ಬಿಡುತ್ತ ಓಡಿದರು. ನಾವು ಬಂದ ದಾರಿ, ಧೂಳು, ದೂರದ ಖಾನಾಪುರದ ಕಾಡು ಎಲ್ಲ ನಮ್ಮ ಕಣ್ಣೆದುರೇ ಕೆಳಗಿಳಿಯುತ್ತ ಹೋದವು. ಎಂಜಿನ್ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರರು ಮಗುವನ್ನು ಒಳಗೇ ತಿರುಗಿಸಿ ಹೊರತೆಗೆದರು. ಹೆಣ್ಣು. ನೀಲಿಗಟ್ಟಿತ್ತು. ನಾನು ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ. ಕೊನೆಗೆ ಸಿಟ್ಟು ಬಂದಂತೆ ಅತ್ತಿತು. ಚಂಪಾ ಕಣ್ಣು ತೆರೆದು, "ಅಳಾಕತ್ತದೇನ್ರಿ?" ಎಂದು ಕೇಳಿದಳು.

ಸುದ್ದಿ ಹೇಳಲು ಹೊರಗೆ ಬಂದಾಗ ಅವರಿಬ್ಬರೂ ಮೋಟಾರಿನ ಪಾವಟಿಗೆಯ ಮೇಲೆ ಅಕ್ಕಪಕ್ಕ ಕೂತಿದ್ದರು. ಕೇಳಿದ ಕೂಡಲೇ ಪದ್ಮಣ್ಣನವರು ಮುಖ ಮುಚ್ಚಿಕೊಂಡರು. ಆಮೇಲೆ ಧೋತರದಿಂದ ಕಣ್ಣೊರಸಿ, "ದಸ್ತಗೀರ, ನಿನಗ ಕಳ್ಳ ಅಂದೆ. ತಪ್ಪಾತೋ" ಎಂದರು.

ದಸ್ತಗೀರ ನೆಲ ನೋಡುತ್ತಿದ್ದ. "ಮನಸಿಗೆ ಹತ್ತಿತ್ರಿ ಆ ಮಾತು" ಎಂದ. ಆಮೇಲೆ ಎದ್ದು ಟೊಪ್ಪಿಗೆಯ ಧೂಳು ಝಾಡಿಸಿದ. "ಬಾಣಂತಿಗೆ ಏನ ಬೇಕ ಹೇಳ್ರಿ ಬಾಯಾರ, ಬಜಾರದಿಂದ ತರತೇನಿ."

"ಮೋಟಾರಿನ್ಯಾಗ ಪೆಟ್ರೋಲ್ ಎಲ್ಲೈತೋ?" ಎಂದರು ಪದ್ಮಣ್ಣನವರು.

"ಕಾಲ ಅದಾವಲ್ರಿ."

ತುಪ್ಪ, ಬೆಲ್ಲ, ಮೆತ್ತನೆಯ ಅರಿವೆ ಎಂದು ಹೇಳಿದೆ. ಅವನು ಹೊರಟ. ಪದ್ಮಣ್ಣನವರು ಒಂದು ಕ್ಷಣ ಆಸ್ಪತ್ರೆಯ ಬಾಗಿಲ ಕಡೆ ನೋಡಿ, "ಅರಿವಿ ನಮ್ಮ ಅಂಗಡ್ಯಾಗ ಐತಿ, ತಡಿ" ಎನ್ನುತ್ತ ಅವನ ಜೊತೆಗೂಡಿದರು. ನಾನು ಒಳಗೆ ಹೋಗುವ ಮುನ್ನ ತಿರುಗಿ ನೋಡಿದೆ. ಕೆಂಪು ಧೂಳು ಮೆತ್ತಿದ ಎರಡು ಬೆನ್ನುಗಳು ಬಿಸಿಲಿನಲ್ಲಿ ಬಜಾರದ ಕಡೆ ನಡೆದಿದ್ದವು.