ಸಪ್ಪೆ ಎಂದ ಬಿದಿರು

ಈ ಮಾತನ್ನು ಅಪ್ಪಯ್ಯನಿಗೆ ಹೇಳಬೇಕಿತ್ತು. ಅವರು ಹೋಗಿ ಬಹಳ ವರ್ಷಗಳಾದವು. ಹೊತ್ತು ಹೊತ್ತು ಸಾಕಾಗಿ ಈಗ ಬರೆಯುತ್ತಿದ್ದೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಮಡಿಕೇರಿಯಲ್ಲಿ ಹೈಸ್ಕೂಲು ಓದುತ್ತಿದ್ದೆ, ರಜೆಗೆ ಮಾದಾಪುರದ ಮನೆಗೆ ಬರುತ್ತಿದ್ದೆ. ಅವ್ವ ಇರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಅಜ್ಜನ ಕಾಲದಿಂದಲೂ ನಮ್ಮದು ಬುಟ್ಟಿ ಹೆಣೆಯುವ ಮನೆ. ಬಿದಿರನ್ನು ಅಮಾವಾಸ್ಯೆಗೆ ಮುಂಚೆ, ಕತ್ತಲೆ ಪಕ್ಷದಲ್ಲೇ ಕಡಿಯಬೇಕು. ಬೆಳಕಿನ ಪಕ್ಷದಲ್ಲಿ ಕಡಿದರೆ ಅದರಲ್ಲಿ ಸಿಹಿ ಉಳಿಯುತ್ತದೆ, ಸಿಹಿಗೆ ಕುಟ್ಟೆ ಹುಳ ಬೀಳುತ್ತದೆ. ಹೆಣೆಯುವ ಮೊದಲು ಅಪ್ಪಯ್ಯ ಒಂದು ಸೀಳನ್ನು ಅಗಿದು ನೋಡುತ್ತಿದ್ದರು. ಸಪ್ಪೆಯಿದ್ದರೆ ಬುಟ್ಟಿಗೆ, ಸಿಹಿಯಿದ್ದರೆ ಒಲೆಗೆ.

ಆ ವರ್ಷ ಎಸ್ಟೇಟಿನವರು ಕಾಫಿ ಕುಯ್ಲಿಗೆ ನಲವತ್ತು ಬುಟ್ಟಿ ಕೇಳಿದ್ದರು. ಅಪ್ಪಯ್ಯ ಚಳಿಜ್ವರದಲ್ಲಿ ಮಲಗಿದ್ದರಿಂದ, ಅಮಾವಾಸ್ಯೆಗೆ ಮುಂಚೆ ಬಿದಿರು ಕಡಿಯಲು ಕತ್ತಿ ನನ್ನ ಕೈಗೆ ಬಂತು. ನಾನು ಕತ್ತಿಯನ್ನು ಬೇಲಿಯಲ್ಲಿ ಸಿಕ್ಕಿಸಿ ಹಾಕಿ ಆಡಲು ಹೋದೆ. ಸಂಜೆ ಬಂದು, "ಕಡಿದೆ, ನೀರಿಳಿಯಲಿ ಅಂತ ಬಿದಿರ ಮೆಳೆಯಲ್ಲೇ ನಿಲ್ಲಿಸಿದ್ದೇನೆ" ಎಂದೆ. ನಿಜವಾಗಿ ಕಡಿದದ್ದು ಹತ್ತು ದಿನ ಕಳೆದು, ಚಂದ್ರ ತುಂಬುತ್ತಿದ್ದಾಗ.

ಬಿದಿರನ್ನು ಮನೆಗೆ ತಂದು ಸೀಳಿದ ಮೇಲೆ ಅಪ್ಪಯ್ಯ ಎದ್ದು ಕುಳಿತು ಸೀಳೊಂದನ್ನು ಅಗಿದು ಉಗಿದರು. "ಜ್ವರಕ್ಕೆ ನಾಲ್ಗೆ ಸತ್ತೋಗಿದೆ ಮಗ, ಬಾಯೆಲ್ಲಾ ಕಯ್ಯಿ. ನೀನೇ ನೋಡಿ ಹೇಳು."

ಅಗಿದೆ. ಎಳೆ ಕಬ್ಬಿನಷ್ಟು ಸಿಹಿ.

"ಸಪ್ಪೆ, ಅಪ್ಪಯ್ಯ."

"ನಮ್ಮಪ್ಪನ ನಾಲ್ಗೆ ನಿಂಗೂ ಬಂತು ಬಿಡು" ಎಂದು ನಕ್ಕರು. ಜ್ವರದಲ್ಲೇ ನಲವತ್ತನ್ನೂ ಹೆಣೆದರು.

ಕುಯ್ಲು ಅರ್ಧವಾಗುವಷ್ಟರಲ್ಲಿ, ನಾನು ಮತ್ತೆ ರಜೆಗೆ ಬಂದಿದ್ದಾಗ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೂಲಿ ಲೈನಿನವರೆಲ್ಲರ ಎದುರು ಒಂದು ಬುಟ್ಟಿಯನ್ನು ಕೊಡವಿದರು. ಕುಟ್ಟೆ ಹುಳ ಕೊರೆದ ಬಿಳಿ ಪುಡಿ ಉದುರಿತು. "ಏನಯ್ಯಾ, ಬುಟ್ಟಿ ಕೊಟ್ಯೋ, ಹಿಟ್ಟಿನ ಗಿರಣಿ ಕೊಟ್ಯೋ?" ಎಲ್ಲರೂ ನಕ್ಕರು. ಅಪ್ಪಯ್ಯ ತಲೆ ಬಗ್ಗಿಸಿ ನಲವತ್ತನ್ನೂ ಮನೆಗೆ ಹೊತ್ತು ತಂದು ಸುಟ್ಟರು.

"ಸೀಳು ಒಣಗ್ಸಿದ್ರಲ್ಲಿ ನಾನೇ ಎಲ್ಲೋ ತಪ್ಪಿದೀನಿ" ಎಂದರು. "ನೀನು ಸಪ್ಪೆ ಅಂದ್ಮೇಲೆ ಬಿದ್ರು ಸರಿಯಾಗೇ ಇತ್ತು."

ಉರಿಯದೆ ಉಳಿದ ಬುಟ್ಟಿಯೊಂದನ್ನು ನಾನು ಬೆಂಕಿಗೆ ನೂಕಿದೆ.

ಜ್ವರ ಬಿಟ್ಟಿತು, ನಾಲಿಗೆಯ ರುಚಿಯೂ ಮರಳಿತು. ಆದರೆ ತಮ್ಮ ಕೆಲಸದ ಮೇಲಿನ ನಂಬಿಕೆ ಅವರಿಗೆ ಮರಳಲಿಲ್ಲ. ಬದುಕಿರುವವರೆಗೂ, ನಾನು ಮನೆಗೆ ಬಂದಾಗಲೆಲ್ಲ ಸೀಳೊಂದನ್ನು ಚಾಚಿ, "ನೋಡು ಮಗ" ಎನ್ನುತ್ತಿದ್ದರು. ನಾನು ಅಗಿದು ಹೇಳುತ್ತಿದ್ದೆ. ಆಗೆಲ್ಲ ನಿಜವನ್ನೇ ಹೇಳಿದೆ. ಆ ಒಂದು ಸಲದ್ದನ್ನು ಮಾತ್ರ ಹೇಳಲಿಲ್ಲ.