ಎಮ್ಮಿ ಮಾಳಗಿ ಹತ್ತಿದ ಎಪಿಸೋಡ್

ಕಿವಿ ಕೇಳದವರಿಗೆ ಮಷೀನು ಹಚ್ಚೂದು ನನ್ನ ಕೆಲಸ. ಮಹಾರಾಷ್ಟ್ರದ ಗಡಿಯೊಳಗಿನ ಬಿಳೂರದಾಗ ಒಬ್ಬ ಅಜ್ಜಾರಿಗೆ ಹಚ್ಚಿದೆ. ಭಾಳ ವರ್ಷದ ಮ್ಯಾಲ ಅವರಿಗೆ ಮಾತು ಕೇಳಿಸ್ತು. ಕೇಳಿಸಿದ ಕೂಡಲೇ ಒಂದು ಹಳೇ ಮರಾಠಿ ಕಾಮಿಡಿ ಸೀರಿಯಲ್ಲಿನ ಹೆಸರು ಹೇಳಿದ್ರು.

"ಅದರಾಗ ಎಮ್ಮಿ ಮಾಳಗಿ ಹತ್ತಿದ ಎಪಿಸೋಡ್ ಹಚ್ರಿ. ತೀರಿಹೋದ ನಮ್ಮಾಕಿ ಅದನ್ನ ನೋಡಿ ಕಣ್ಣಾಗ ನೀರು ಬರೂತನಕ ನಗತಿದ್ಲು. ನನಗೇನು ಕೇಳಸತಿತ್ತು? ಆಕಿ ಮಾರಿ ನೋಡಿ ನಾನೂ ನಗತಿದ್ದೆ."

ಮೊಬೈಲಿನ್ಯಾಗ ಹುಡುಕಿ ಹಚ್ಚಿದೆ. ಅಜ್ಜಾರು ಒಂದೊಂದು ಮಾತೂ ಲಕ್ಷ್ಯಗೊಟ್ಟು ಕೇಳಿದ್ರು, ಒಮ್ಮೆನೂ ನಗಲಿಲ್ಲ. ಖರೇ ಹೇಳಬೇಕಂದ್ರ, ಅಷ್ಟು ಸಪ್ಪನ್ನ ಎಪಿಸೋಡ್ ನಾನೂ ನೋಡಿರಲಿಲ್ಲ. ಅವರಿಗೆ ಬ್ಯಾಸರ ಆಗಬಾರದಂತ ನಾನ ಒಮ್ಮೆ ಜೋರಾಗಿ ನಕ್ಕೆ.

ಅಜ್ಜಾರು ನನ್ನ ಮಾರಿ ನೋಡಿದ್ರು.

"ನೀವು ನನ್ನ ಸಲುವಾಗಿ ನಕ್ಕ್ರಿ, ಹೌದಿಲ್ರಿ?"

ನಾನು ಮೊಬೈಲ್ ಕಡೆ ನೋಡಿದೆ.

"ಆಕಿನೂ ಹಿಂಗ ನಗತಿದ್ಲು" ಅಂದ್ರು.

ಆಮ್ಯಾಲ ಮಷೀನು ಕಿವಿಯಿಂದ ತಗದು ನನ್ನ ಕೈಯಾಗ ಇಟ್ರು. "ಈಗ ಮತ್ತ ಮೊದಲಿಂದ ಹಚ್ರಿ."

ಮಷೀನಿನಿಂದ ಉಪಯೋಗ ಆತೇನು ಅಂತ ನಮ್ಮ ಫಾರ್ಮಿನ್ಯಾಗ ಕೇಳಿರತಾರ. ಹೌದು, ಇಲ್ಲ, ಎರಡ ಚೌಕ. ನಾನು ಪೆನ್ನು ಹಿಡಕೊಂಡು ಎಪಿಸೋಡ್ ಮುಗಿಯೂತನಕ ಕುಂತೆ.